ಪೋರ್ಟಿಕೋದಲ್ಲೊಂದು ಎಲೆ

ಮಿಜಾರಿನ ಹೈಸ್ಕೂಲೊಂದರಲ್ಲಿ ದೀಕ್ಷಿತಾ ವಿಜ್ಞಾನ ಕಲಿಸುತ್ತಿದ್ದಳು, ಶುಭಶ್ರೀ ಗಣಿತ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಮಧ್ಯಾಹ್ನ ಒಬ್ಬಳ ಬುತ್ತಿಗೆ ಇನ್ನೊಬ್ಬಳು ಕೈಹಾಕದ ದಿನವಿರಲಿಲ್ಲ. ಶುಭಶ್ರೀಗೆ ಆಗುವುದಿಲ್ಲವೆಂದು ದೀಕ್ಷಿತಾ ಶಾಲೆಗೆ ಮೀನು ತರುವುದನ್ನೇ ಬಿಟ್ಟಿದ್ದಳು.

ಮೂಡುಬಿದಿರೆಯಲ್ಲಿ ಶುಭಶ್ರೀಯ ಹೊಸ ಮನೆಯ ಒಕ್ಕಲು, ಗೃಹಪ್ರವೇಶದ ಊಟ. ಅತ್ತೆ ಸುಬ್ಬಮ್ಮ ಬಾಗಿಲಲ್ಲೇ ಬೆಲ್ಲ, ನೀರು ಕೊಟ್ಟು ದೀಕ್ಷಿತಾಳನ್ನು ಉಪಚರಿಸಿದರು.

"ನಿಮ್ಮ ಮನೆ ಎಲ್ಲಾಯಿತು?"

"ಪೊಳಲಿ ಹತ್ತಿರ, ಅಮ್ಮ."

"ಅಲ್ಲಿ ಯಾರ ಪೈಕಿ?"

"ಕಾಲನಿಯಲ್ಲಿ. ಸೇಸಮ್ಮನ ಮಗಳು."

ದಲಿತರ ಕಾಲನಿ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಸುಬ್ಬಮ್ಮನ ನಗು ಹಾಗೆಯೇ ಇತ್ತು. ಮಗನನ್ನು ಕರೆಯುತ್ತಾ ಅವರು ಒಳಗೆ ಹೋದರು.

ಊಟಕ್ಕೆ ಶಾಲೆಯವರೆಲ್ಲ ಶಾಮಿಯಾನದಡಿ ಸಾಲಾಗಿ ಕೂತರು. ದೀಕ್ಷಿತಾ ಕೂರುವಷ್ಟರಲ್ಲಿ ಶುಭಶ್ರೀಯ ಗಂಡ ಹರಿಪ್ರಸಾದ್ ಓಡಿ ಬಂದ. "ಟೀಚರ್, ಇಲ್ಲಿ ತುಂಬಾ ಸೆಕೆ ಉಂಟು. ನಿಮಗೆ ಆಚೆ ಹಾಕಿದ್ದೇವೆ."

ಆಚೆ ಎಂದರೆ ಪೋರ್ಟಿಕೋ. ಕಾರಿನ ಪಕ್ಕ, ನೆಲದ ಮೇಲೆ ಒಂದೇ ಒಂದು ಎಲೆ.

ಪಾಯಸ ಬಡಿಸುತ್ತಿದ್ದ ಶುಭಶ್ರೀಯ ಬಳಿಗೆ ಅವಳು ನೇರ ಹೋದಳು. "ನಾನು ಎಲ್ಲಿ ಕೂರಬೇಕು ಶುಭಾ?"

ಶುಭಶ್ರೀ ತಲೆ ಎತ್ತಲಿಲ್ಲ. "ಇವತ್ತೊಂದು ದಿನ ಸುಧಾರಿಸಿಕೊ ಮಾರಾಯ್ತಿ. ಅತ್ತೆ ಹಳೇ ಕಾಲದವರು."

ದೀಕ್ಷಿತಾ ಉಣ್ಣದೆ ಬಸ್ಸು ಹತ್ತಿದಳು.

ಸೋಮವಾರ ಶುಭಶ್ರೀ ಹೋಳಿಗೆ ತಂದು ಮುಂದಿಟ್ಟಳು. "ನಿನಗೇ ಅಂತ ತಂದೆ."

"ನಿನ್ನ ಅತ್ತೆಯ ವಿಷಯ ಬಿಡು," ಎಂದಳು ದೀಕ್ಷಿತಾ. "ಅವರು ನನ್ನನ್ನು ನೋಡಿದ್ದು ಅವತ್ತೇ. ನೀನು ಯಾಕೆ ಬಂದು ನನ್ನ ಪಕ್ಕ ಕೂರಲಿಲ್ಲ?"

ಶುಭಶ್ರೀ ಅತ್ತಳು. ಆ ದಿನ ಸಾಲಿನಲ್ಲಿ ಕೂತು ಉಂಡಿದ್ದ ಹಿರಿಯ ಟೀಚರ್ ಜಲಜಾಕ್ಷಿ ನಡುವೆ ಬಾಯಿ ಹಾಕಿದರು: "ಅಷ್ಟು ಸಣ್ಣ ವಿಷಯಕ್ಕೆ ಅವಳನ್ನು ಅಳಿಸುವುದಾ? ಎಲೆ ಹಾಕಿದ್ದರಲ್ಲ?"

"ಹಾಕಿದ್ದರು. ಹಾಗಾದರೆ ನೀವು ಯಾಕೆ ಅಲ್ಲಿ ಕೂರಲಿಲ್ಲ ಮೇಡಂ?"

ಅಂದಿನಿಂದ ದೀಕ್ಷಿತಾ ಒಳಗೆ ಬಂದರೆ ಸ್ಟಾಫ್ ರೂಮಿನ ಮಾತು ತಗ್ಗುತ್ತಿತ್ತು. ಅವಳಿಗೆ ಬಾಯಿ ಜಾಸ್ತಿ ಎಂಬ ಸುದ್ದಿ ಹೆಡ್‌ಮಾಸ್ಟರರವರೆಗೂ ಮುಟ್ಟಿತು. ಅಳುತ್ತಿದ್ದ ಶುಭಶ್ರೀಯನ್ನು ಸಮಾಧಾನಪಡಿಸಲು ಮಾತ್ರ ಸರದಿಯ ಮೇಲೆ ಜನರಿದ್ದರು.

ದೀಕ್ಷಿತಾ ಈಗ ಪ್ರಯೋಗಾಲಯದಲ್ಲಿ ಒಬ್ಬಳೇ ಉಣ್ಣುತ್ತಾಳೆ. ಬಾಗಿಲು ಮುಚ್ಚುವುದಿಲ್ಲ. ಯಾರೂ ಬರುವುದೂ ಇಲ್ಲ.