ಲೋವೆಲ್ ಮೊದಲು ಕಂಡ ಹಾಳೆ

"ಎಡಕ್ಕೆ, ಎಡಕ್ಕೆ! ಮೆಟ್ಟಿಲಿದೆ, ನೋಡ್ಕೊಂಡು ಇಳೀರಿ," ಎಂದು ಮುಂದಿದ್ದವನು ಹೇಳುತ್ತಿದ್ದರೂ ಲೋವೆಲ್ ಪ್ರೂಟ್‌ನ ಗಮನ ಮೆಟ್ಟಿಲ ಮೇಲಿರಲಿಲ್ಲ. ಅವನ ಕೈಯಲ್ಲಿ ಆರ್ವಿಲ್ ಸ್ಟೌಫರ್‌ನ ಶವಪೆಟ್ಟಿಗೆಯ ಹಿಡಿ; ಕಣ್ಣು ಮಾತ್ರ ಚರ್ಚಿನ ಬಾಗಿಲಲ್ಲಿ, ಆರ್ವಿಲ್‌ನ ಹೆಂಡತಿ ವರ್ನಾಳ ತೋಳು ಹಿಡಿದು ನಿಂತ ಇರ್ಮಾ ಕೆಸ್ಲರ್‌ಳ ಮೇಲೆ. ಲ್ಯಾಂಕಾಸ್ಟರ್ ಸುತ್ತಮುತ್ತ ಬ್ಯಾಂಕ್ ನೋಟಿನ ಅಚ್ಚು ಕೆತ್ತುವವರ ಹಳೆಯ ಜಾಹೀರಾತು ಹಾಳೆಗಳನ್ನು ಕೂಡಿಸುವ ಹುಚ್ಚಿದ್ದದ್ದು ಆರ್ವಿಲ್, ಇರ್ಮಾ, ಲೋವೆಲ್ ಈ ಮೂವರಿಗೇ.

'ಆರ್ವಿಲ್‌ನ ಹಾಳೆಗೆ ಗಾಳ ಹಾಕ್ತಿದಾಳೆ,' ಎಂದುಕೊಂಡ ಲೋವೆಲ್. ಗಾಳ ಹಾಕಲು ತಾನೂ ಬಂದಿದ್ದೇನೆಂಬುದು ಅವನಿಗೆ ಗೊತ್ತಿತ್ತು.

*

ಒಂದೊಂದು ಬ್ಯಾಂಕೂ ತನ್ನದೇ ನೋಟು ಅಚ್ಚು ಹಾಕಿಸುತ್ತಿದ್ದ ಕಾಲದಲ್ಲಿ ಫಿಲಡೆಲ್ಫಿಯಾದ ಕೆತ್ತನೆಗಾರನೊಬ್ಬ, ಗಿರಾಕಿಗಳಿಗೆ ತೋರಿಸಲೆಂದು ತನ್ನ ಕೈಚಳಕವನ್ನೆಲ್ಲ ಒಂದೇ ಹಾಳೆಯಲ್ಲಿ ಒತ್ತಿದ್ದ. ತೆನೆ ಹಿಡಿದ ದೇವತೆ, ಹೊಗೆ ಬಿಡುವ ಹಡಗು, ತಿಜೋರಿಯ ಮೇಲೆ ಮಲಗಿದ ನಾಯಿ. ಕೆಲವು ವರ್ಷಗಳ ಹಿಂದೆ ಕಣಜವೊಂದರಲ್ಲಿ ಹಳೆಯ ಸಾಮಾನುಗಳ ಮಾರಾಟ ನಡೆದಾಗ, ಹರಿದ ಭೂಪಟಗಳ ಅಡಿಯಲ್ಲಿ ಆ ಹಾಳೆಯನ್ನು ಮೊದಲು ಕಂಡವನು ಲೋವೆಲ್. ಕಾರಿನಿಂದ ಕನ್ನಡಕ ತರುವಷ್ಟರಲ್ಲಿ, ಶಾಲಾ ಬಸ್ಸಿನ ಡ್ರೈವರ್ ಆರ್ವಿಲ್ ಅದನ್ನು ಎದೆಗವಚಿಕೊಂಡು ನಿಂತಿದ್ದ.

"ಅದು ನಾನು ನೋಡಿದ್ದು ಕಣೋ!"

"ನೋಡ್ದೆ, ಬಿಟ್ಟೋದೆ. ಬಾ ಮಾರಾಯ, ಮನೇಲಿ ಇಬ್ರೂ ಕೂತು ನೋಡೋಣ. ವರ್ನಾ ಕಾಫಿ ಮಾಡ್ತಾಳೆ."

"ನಿನ್ನ ಕಾಫಿ ನೀನೇ ಕುಡಿ!"

ಆಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಆರ್ವಿಲ್ ಕರೆದ. ಲೋವೆಲ್ ಹೋಗಲಿಲ್ಲ. ರೋಗ ಉಲ್ಬಣಿಸಿದೆ ಎಂದು ಕೇಳಿದಾಗಲೂ ಹೋಗಲಿಲ್ಲ.

*

ಮಣ್ಣು ಮುಗಿಸಿ ಬಂದವರು ವರ್ನಾಳ ಮನೆಯಲ್ಲಿ ಹಂದಿಮಾಂಸ, ಒಣದ್ರಾಕ್ಷಿ ಪೈ ತಿನ್ನುತ್ತಿದ್ದರು. ಲೋವೆಲ್ ತಟ್ಟೆ ಹಿಡಿದೇ ಒಳಕೋಣೆಗೆ ಹೋದ. ಗೋಡೆಯ ಮೇಲೆ ಹಾಳೆ ತೂಗುತ್ತಿದ್ದ ಜಾಗದಲ್ಲಿ ಚೌಕಾಕಾರದ ಬಿಳಿಗುರುತು ಮಾತ್ರ ಉಳಿದಿತ್ತು.

"ಬೆಳಿಗ್ಗೇನೇ ಇರ್ಮಾಗೆ ಕೊಟ್ಟೆ," ಎಂದಳು ಹಿಂದೆಯೇ ಬಂದ ವರ್ನಾ. "ದಿನಾ ಸಂಜೆ ಬಂದು ಅವನ ಜೊತೆ ಕೂರ್ತಿದ್ಲು. ಕೊನೆಕೊನೇಗೆ ಭೂತಗನ್ನಡಿ ಹಿಡಿಯೋಕೂ ಅವನ ಕೈಲಿ ಆಗ್ತಿರ್ಲಿಲ್ಲ. ಅವಳೇ ಹಿಡೀತಿದ್ಲು."

"ನನ್ನ ವಿಷಯ ಏನೂ ಹೇಳ್ಲಿಲ್ವಾ?"

"ಹೇಳ್ದೆ ಇರ್ತಾನಾ? 'ಇದನ್ನ ಮೊದಲು ಕಂಡಿದ್ದು ಲೋವೆಲ್, ಅವನದು ಹದ್ದಿನ ಕಣ್ಣು' ಅಂತ ಬಂದೋರಿಗೆಲ್ಲ ಹೇಳ್ತಿದ್ದ. ಪೆಟ್ಟಿಗೆ ಹೊರೋಕೆ ನಿನ್ನ ಕರೀಬೇಕು ಅಂದಿದ್ದೂ ಅವನೇ. ಬಾಗಿಲಲ್ಲಿ ಸದ್ದಾದ್ರೆ ಸಾಕು, ನೀನೇ ಬಂದೆ ಅನ್ಕೋತಿದ್ದ."

ಲೋವೆಲ್ ತಟ್ಟೆಯನ್ನು ಅಲ್ಲೇ ಇಟ್ಟು ಜಗುಲಿಗೆ ಬಂದ. ಇರ್ಮಾ ಹೊರಡುವ ಮುನ್ನ ಹಾಳೆಯನ್ನು ಚೌಕಟ್ಟಿನಿಂದ ತೆಗೆದು ಗಟ್ಟಿ ರಟ್ಟುಗಳ ನಡುವೆ ಇಡುತ್ತಿದ್ದಳು.

"ಏನು ಮಾತಾಡ್ತಿದ್ರಿ, ದಿನಾ ಸಂಜೆ?"

"ಇದರದ್ದೇ. ಹಡಗಿನ ಕೊನೇ ಕಿಟಕೀಲಿ ಒಬ್ಬಳು ಹೆಂಗಸು ಇಣುಕ್ತಾಳಲ್ಲ, ಅವಳು ಯಾರಿಗೆ ಕಾಯ್ತಿದಾಳೆ ಅಂತ ಆರ್ವಿಲ್ ದಿನಕ್ಕೊಂದು ಕತೆ ಕಟ್ಟೋರು. ನಿಮಗೆ ಗೊತ್ತಿರುತ್ತೆ ಬಿಡಿ, ಮೊದಲು ನೋಡಿದೋರು ನೀವೇ ಅಲ್ವಾ?"

"ಗೊತ್ತು," ಎಂದ ಲೋವೆಲ್. ಆ ಹೆಂಗಸನ್ನು ಅವನು ಕಂಡೇ ಇರಲಿಲ್ಲ. ಹಾಳೆ ಹೋಗಲಿ; ಆ ಕತೆಗಳನ್ನೆಲ್ಲ ಇವಳೊಬ್ಬಳೇ ಕೇಳಿದ್ದಳು.

ಅಷ್ಟರಲ್ಲಿ ಜೋಳದ ಹೊಲದ ಕಡೆಯಿಂದ ಬೀಸಿದ ಗಾಳಿಗೆ ಹಾಳೆ ಮೇಲೆದ್ದಿತು.

"ಅಯ್ಯೋ, ಹಿಡ್ಕೊಳ್ಳಿ!"

ಲೋವೆಲ್ ಎರಡೂ ಕೈಯಿಂದ ಒಂದು ಅಂಚು ಹಿಡಿದ. ಇನ್ನೊಂದು ಅಂಚು ಇರ್ಮಾಳ ಕೈಯಲ್ಲಿ. ಗಾಳಿ ನಿಂತಿತು. "ಸಾಕು, ಬಿಡಿ," ಎಂದಳು ಅವಳು. ಅವನು ತಲೆ ಬಗ್ಗಿಸಿ, ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರದಿಂದ ಹಡಗಿನ ಕಿಟಕಿಗಳನ್ನು ಒಂದೊಂದಾಗಿ ಹುಡುಕುತ್ತಿದ್ದ.