ಹಾಲಿಸ್‌ನ ಸರದಿ

"ಇವತ್ತೂ ಆ ಸತ್ತವನನ್ನೇ ಕರೆದ್ರೆ ನಾನು ಎದ್ದು ಹೋಗ್ತೀನಿ, ಆರ್ವೆಲಣ್ಣ," ಎಂದ ಕ್ಲೀಟಸ್, ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತ.

ಆರ್ವೆಲ್ ಟ್ಯಾಕೆಟ್ ಟೋಪಿ ಸರಿಮಾಡಿಕೊಂಡ. ವೇಕೊ ಊರಿನ ರೇಡಿಯೋದಲ್ಲಿ ಅವನ ತಂಡದ ಮಧ್ಯಾಹ್ನದ ಕಾರ್ಯಕ್ರಮ ಶುರುವಾಗುವ ಹೊತ್ತು. ತಂಡದಲ್ಲಿ ಒಂದು ಕಟ್ಟಳೆ: ಹಾಡಿನ ನಡುವೆ ಆರ್ವೆಲ್ ಯಾರ ಹೆಸರು ಕೂಗುತ್ತಾನೋ ಅವನೇ ಒಂಟಿಯಾಗಿ ನುಡಿಸಬೇಕು. ಹೆಸರು ಬೀಳದೆ ಯಾರೂ ಮುಂದೆ ಬರುವಂತಿಲ್ಲ. ಆರ್ವೆಲನೂ ಅವನ ಗೆಳೆಯ ಹಾಲಿಸನೂ ಎರಡೇ ಪಿಟೀಲು ಹಿಡಿದು ಹಳ್ಳಿಯ ಕೊಟ್ಟಿಗೆಗಳಲ್ಲಿ ನಡೆಯುವ ಕುಣಿತಗಳಿಗೆ ಅಲೆದ ಕಾಲದಿಂದ ಇದೇ ನಡೆದುಬಂದಿತ್ತು. ದನಗಾಹಿಗಳ ಹಾಡಿಗೆ ಡ್ರಮ್ಮು, ತುತ್ತೂರಿ ಸೇರಿಸಿದಾಗ ಊರೆಲ್ಲ ನಕ್ಕಿತು. ಆಮೇಲೆ ಅದೇ ಊರು ಬೂಟು ಸವೆಯುವಂತೆ ಕುಣಿಯಿತು.

ಹಾಲಿಸ್ ನ್ಯುಮೋನಿಯಾದಲ್ಲಿ ಹೋಗಿಬಿಟ್ಟ. ಅವನ ಪಿಟೀಲನ್ನು ಆರ್ವೆಲ್ ತಾನೇ, ಆ ಜಾಗಕ್ಕೆ ಬಂದ ಕ್ಲೀಟಸ್‌ನ ಕೈಗಿತ್ತಿದ್ದ. ಆದರೆ ನಾಲಗೆ ಕೇಳಬೇಕಲ್ಲ! ಈ ವಾರವೆಲ್ಲ ಪಿಟೀಲಿನ ಸರದಿ ಬಂದಾಗ "ಆಹಾ, ಹಾಲಿಸ್!" ಎಂದೇ ಕೂಗಿದ. ಕ್ಲೀಟಸ್ ಕಮಾನು ಎತ್ತಲಿಲ್ಲ. ಗಿಟಾರೂ ಡ್ರಮ್ಮೂ ಠಕಠಕ ಎನ್ನುತ್ತ ಆ ಖಾಲಿ ಜಾಗ ದಾಟಿದವು. ಇನ್ನೊಂದು ಸಲ ಹೀಗಾದರೆ ಬೇರೆ ತಂಡ ನೋಡಿಕೊಳ್ಳುತ್ತೇವೆ ಎಂದಿದ್ದರು, ಕಾರ್ಯಕ್ರಮಕ್ಕೆ ದುಡ್ಡು ಕೊಡುವ ಹಿಟ್ಟಿನ ಗಿರಣಿಯವರು.

ಪ್ರಸಾರ ಶುರುವೆಂದು ಕೆಂಪು ದೀಪ ಹತ್ತಿತು. ಪಿಟೀಲಿನ ಸರದಿ ಬಂತು. ಆರ್ವೆಲ್‌ನ ಗಂಟಲಿಗೆ ಅದೇ ಹೆಸರು ಬಂದು ನಿಂತಿತು. ನುಂಗಿಕೊಂಡ.

"ಆಹಾ, ಕ್ಲೀಟಸ್!"

ಕ್ಲೀಟಸ್ ನುಡಿಸಿದ, ಅದೂ ಬಲು ಸೊಗಸಾಗಿ. ಡ್ರಮ್ಮಿನವನು "ಬದುಕ್ಕೊಂಡ್ವಿ" ಎಂದು ದನಿಯಿಲ್ಲದೆ ತುಟಿಯಲ್ಲೇ ಹೇಳಿ ನಕ್ಕ. ಆರ್ವೆಲ್‌ಗೆ ಮಾತ್ರ ಗೆಳೆಯನನ್ನು ಇನ್ನೊಮ್ಮೆ ಹೂತು ಬಂದಷ್ಟು ಸಂಕಟವಾಯಿತು.

ಕಾರ್ಯಕ್ರಮ ಮುಗಿದೊಡನೆ ಫೋನ್ ಬಂತು. ಹಾಲಿಸ್‌ನ ತಾಯಿ ಓಲಾ. ಮಗನನ್ನು ಹೂಳುವಾಗ ಮೊದಲ ಹಿಡಿ ಮಣ್ಣು ಹಾಕಿದವಳು ಅವಳೇ.

"ಆರ್ವೆಲ್, ಇಷ್ಟು ದಿನ ನೀನು ಕರೀತಿದ್ದೆ, ಅವನು ಬಿಗುಮಾನ ಮಾಡ್ಕೊಂಡು ಸುಮ್ನೆ ಕೂತಿದ್ದ. ಇವತ್ತು ಎಷ್ಟು ಚೆನ್ನಾಗಿ ನುಡಿಸ್ದ ನನ್ನ ಮಗ! ಇವತ್ತೇ ಯಾಕಪ್ಪ ಬೇರೆ ಯಾರದೋ ಹೆಸರು ಕೂಗ್ದೆ?"

"ಅಮ್ಮಾ, ಅದು..."

"ಅವನ ಪಿಟೀಲಿನ ದನಿ ನಂಗೊತ್ತಾಗಲ್ವಾ? ನಾಳೆ ಸರಿಯಾಗಿ ಕರಿ. ಪಾಪ, ನೊಂದ್ಕೋತಾನೆ."

ಅವಳ ದನಿ ಕೋಣೆಗೆಲ್ಲ ಕೇಳಿಸಿತ್ತು. ಹಾಲಿಸ್‌ನ ಪಿಟೀಲು ಕುರ್ಚಿಯ ಮೇಲಿತ್ತು. ಅದನ್ನೆತ್ತಿ ಪೆಟ್ಟಿಗೆಯಲ್ಲಿಡಲು ಬಗ್ಗಿದ್ದ ಕ್ಲೀಟಸ್ ಕೈ ಹಿಂದಕ್ಕೆಳೆದುಕೊಂಡ.