ಅರಿಶಿನ ಹಚ್ಚಿದ ಬೆರಳುಗಳು

ಆಯಾ ಅಂಜಮ್ಮ ಆ ದಿನ ರಜೆ ಹಾಕದೇ ಇದ್ದಿದ್ದರೆ ನಾನು ದೊಡ್ಡಣ್ಣನವರ ಕಾಲನ್ನು ಮುಟ್ಟುತ್ತಲೇ ಇರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ.

೧೯೭೩ರ ಮಾತು. ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ತಲೆಯ ಮೇಲೆ ಬಿಳಿ ಟೋಪಿ, ಅದರೊಳಗೆ ಬೇಕಾದಷ್ಟು ಜಂಬ. ಇಂಜೆಕ್ಷನ್ ಕೊಡುವುದು, ಬಿ.ಪಿ. ನೋಡುವುದು, ಚಾರ್ಟನ್ನು ದುಂಡು ಇಂಗ್ಲಿಷಿನಲ್ಲಿ ತುಂಬುವುದು ನನ್ನ ಕೆಲಸ. ಮೈ ಒರೆಸುವುದು, ಕಾಲು ತೊಳೆಯುವುದು ಅಂಜಮ್ಮನ ಕೆಲಸ. ಹೀಗೆಂದು ಯಾರೂ ಹೇಳಿರಲಿಲ್ಲ. ನಾನೇ ಹಂಚಿಕೊಂಡಿದ್ದೆ.

ದೊಡ್ಡಣ್ಣ ಬಿನ್ನಿಪೇಟೆಯವರು. ದಿನವೆಲ್ಲ ಮಗ್ಗದ ಮುಂದೆ ನಿಂತು ದುಡಿಯುವ ಮನುಷ್ಯ. ಸೈಕಲ್ಲಿನಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಿದ್ದರು. ಹಿಂದಿನ ಸಂಜೆ ಡಾಕ್ಟರ್ ಚಕ್ರಪಾಣಿ ಪ್ಲಾಸ್ಟರ್ ಹಾಕಿ, "ಗಂಟೆಗೊಂದ್ಸಲ ಬೆರಳು ನೋಡ್ತಾ ಇರಿ" ಎಂದು ಹೇಳಿದ್ದರು. ಪ್ಲಾಸ್ಟರಿನ ಒಳಗೆ ಕಾಲು ಊದಿಕೊಂಡರೆ ರಕ್ತ ಓಡುವುದು ನಿಲ್ಲುತ್ತದೆ, ಹೊರಗೆ ಕಾಣುವ ಬೆರಳು ತಣ್ಣಗಾಗುತ್ತದೆ, ಬಣ್ಣ ಕೆಡುತ್ತದೆ, ಕೊನೆಗೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ. ಇದೆಲ್ಲ ನನಗೆ ಬಾಯಿಪಾಠ.

ಆದರೆ ದೊಡ್ಡಣ್ಣ ಕಾಲು ಮುಟ್ಟಲು ಬಿಡಲಿಲ್ಲ. ಅವರ ಇಬ್ಬರು ಮಕ್ಕಳಿಗೂ ಅಕ್ಷರ ಕಲಿಸಿದವರು ನನ್ನ ಅಪ್ಪ.

"ಮೇಷ್ಟ್ರ ಮಗಳು ನನ್ನ ಕಾಲು ಮುಟ್ಟೋದಾ? ಬ್ಯಾಡ ಕಣವ್ವ, ನಂಗೆ ಪಾಪ ಸುತ್ಕೊಳ್ತದೆ" ಎಂದು ಹೊದಿಕೆ ಎಳೆದುಕೊಂಡರು.

ಸಾಲದ್ದಕ್ಕೆ ಅವರ ಹೆಂಡತಿ ಚಿಕ್ಕಗಂಗಮ್ಮ ಪಟಾಲಮ್ಮನಿಗೆ ಹರಕೆ ಹೊತ್ತು, ಬೆಳಗಾಗುತ್ತಲೇ ಬಂದು ಗುಡಿಯ ಅರಿಶಿನ ಕಲಸಿ ಐದೂ ಬೆರಳಿಗೆ ದಪ್ಪಗೆ ಬಳಿದು ಹೋಗಿದ್ದರು. ಮುಟ್ಟುವುದು ಬೇಡ ಎಂದರೆ ನನಗೂ ಹಾಲು ಕುಡಿದಷ್ಟು ಸಂತೋಷ. ಮಂಚದ ತುದಿಯಲ್ಲಿ ನಿಂತು, ಹೊದಿಕೆಯ ಅಂಚನ್ನು ಎತ್ತಿ, ಹಳದಿ ಬೆರಳುಗಳನ್ನು ನೋಡಿ, 'ಬೆರಳು ಬೆಚ್ಚಗಿವೆ' ಎಂದು ಗಂಟೆಗೊಮ್ಮೆ ಬರೆದೆ.

ಬೆಳಿಗ್ಗೆಯೆಲ್ಲ ನರಳುತ್ತಿದ್ದವರು ಮಧ್ಯಾಹ್ನದ ಹೊತ್ತಿಗೆ ಸುಮ್ಮನಾದರು. "ಈಗ ನೋವು ಏನೂ ಗೊತ್ತಾಗ್ತಿಲ್ಲ ಕಣವ್ವ" ಎಂದರು. ನನಗೆ ಖುಷಿಯೋ ಖುಷಿ. ಅದನ್ನೂ ಬರೆದೆ.

ಎರಡೂವರೆಗೆ ವಾರ್ಡಿನ ಹಿರಿಯ ನರ್ಸ್ ಅಲಮೇಲು ಸಿಸ್ಟರ್ ಬೇಸಿನ್ನು, ಸೋಪು, ಟವೆಲ್ಲು ತಂದು ನನ್ನ ಮುಂದಿಟ್ಟರು.

"ವತ್ಸಲಾ, ಅಂಜಮ್ಮ ಬಂದಿಲ್ಲ. ದೊಡ್ಡಣ್ಣನ ಮೈ ಒರೆಸಿ ಕಾಲು ತೊಳಿ."

"ಇನ್ನೂ ಮೂರು ಚಾರ್ಟ್ ಬಾಕಿ ಇದೆ, ಸಿಸ್ಟರ್."

"ಚಾರ್ಟ್ ಮೈಗೆ ಬೆವರು ಬರಲ್ಲ, ಇರ್ಲಿ ಬಿಡು. ಹೋಗು."

ಮುಖ ಊದಿಸಿಕೊಂಡೇ ಹೋದೆ. ದೊಡ್ಡಣ್ಣ ಬೇಡ ಬೇಡ ಎಂದು ಗೋಗರೆದರು. "ಸಿಸ್ಟರ್ ನನ್ನನ್ನ ಬೈತಾರೆ, ಸುಮ್ನಿರಿ" ಎಂದು ಗದರಿ ಒಳ್ಳೆಯ ಕಾಲನ್ನು ತೊಳೆದೆ. ಬೆಚ್ಚಗಿತ್ತು. ಆಮೇಲೆ ಇನ್ನೊಂದು ಕಾಲಿನ ಅರಿಶಿನ ತೆಗೆಯಲು ಒದ್ದೆ ಬಟ್ಟೆ ಇಟ್ಟು ಉಜ್ಜಿದೆ. ಹಳದಿ ಹೋದ ಕಡೆ ಬೆರಳು ನೇರಳೆ ಹಣ್ಣಿನ ಬಣ್ಣಕ್ಕಿತ್ತು. ಬಿಸಿನೀರಿನ ಬಟ್ಟೆಯ ಕೆಳಗೂ ತಣ್ಣಗೆ ಕೊರೆಯುತ್ತಿತ್ತು.

ಹೆಬ್ಬೆರಳನ್ನು ಹಿಸುಕಿದೆ. "ಗೊತ್ತಾಗುತ್ತಾ?"

"ಏನು ಗೊತ್ತಾಗ್ಬೇಕಿತ್ತವ್ವ?"

ಬೇಸಿನ್ ಉರುಳಿಸಿಕೊಂಡು ಓಡಿದೆ. ಅಲಮೇಲು ಸಿಸ್ಟರ್ ಬಂದು ಕೈಯ ಹಿಂಬದಿಯಿಂದ ಒಂದೇ ಸಲ ಮುಟ್ಟಿ ನೋಡಿ, ಡಾಕ್ಟರನ್ನು ಕೂಗಿದರು. ಡಾಕ್ಟರ್ ಚಕ್ರಪಾಣಿ ಕತ್ತರಿ ಹಿಡಿದು ಬಂದು ಪ್ಲಾಸ್ಟರನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದರು, ಒಳಗಿನ ಹತ್ತಿಯನ್ನೂ ಬಿಡಿಸಿದರು. "ಪಾದ ಹಿಡ್ಕೊಂಡಿರಮ್ಮ, ಅಲ್ಲಾಡಬಾರ್ದು" ಎಂದರು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಚಾರ್ಟಿನಲ್ಲಿ ನಾನು ಬರೆದದ್ದೆಲ್ಲ ಕಣ್ಣ ಮುಂದೆ ಬಂತು. ಈ ಕಾಲು ಹೋದರೆ ಈ ಮನುಷ್ಯ ಮಗ್ಗದ ಮುಂದೆ ಹೇಗೆ ನಿಂತಾನು? ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

ಎಷ್ಟು ಹೊತ್ತಾಯಿತೋ. ಅಂಗೈಯಲ್ಲಿದ್ದ ಪಾದ ನಿಧಾನವಾಗಿ ಬೆಚ್ಚಗಾಗತೊಡಗಿತು. ಆಮೇಲೆ ಉಗುರಿನ ಕೆಳಗೆ ಕೆಂಪು ಕಾಣಿಸಿತು. ಅಷ್ಟರಲ್ಲಿ ದೊಡ್ಡಣ್ಣ, "ಅಯ್ಯಯ್ಯೋ! ಯಾವನೋ ಅವ್ನು, ಕಾಲಿಗೆ ಬೆಂಕಿ ಇಟ್ಟೋನು!" ಎಂದು ವಾರ್ಡು ಹಾರಿಹೋಗುವಂತೆ ಕಿರುಚಿದರು.

"ಕಿರುಚಲಿ ಬಿಡಿ, ನೋವು ಗೊತ್ತಾಗ್ತಿದೆ ಅಂದ್ರೆ ರಕ್ತ ಓಡ್ತಿದೆ. ಇನ್ನೊಂದೆರಡು ಗಂಟೆ ಹೀಗೇ ಇದ್ದಿದ್ರೆ ಕಾಲು ಉಳೀತಿರ್ಲಿಲ್ಲ" ಎಂದು ಡಾಕ್ಟರ್ ಬೆವರು ಒರೆಸಿಕೊಂಡರು. ಅಲಮೇಲು ಸಿಸ್ಟರ್ ನಕ್ಕೇಬಿಟ್ಟರು. ನಾನು ನಗಲು ಹೋಗಿ ಅತ್ತೆ.

ಡಾಕ್ಟರ್ ಹೋದ ಮೇಲೆ ಸಿಸ್ಟರಿಗೆ ಚಾರ್ಟು ತೋರಿಸಿದೆ. "ಒಂದು ಸಲವೂ ಮುಟ್ಟದೆ ಬರೆದೆ" ಎಂದೆ.

ಅವರು ಚಾರ್ಟನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ಅಳಿಸಬೇಡ. ಕೆಳಗೆ ನಿಜ ಬರಿ, ಸಹಿ ಹಾಕು. ಡಾಕ್ಟರ್‌ಗೂ ನೀನೇ ಹೋಗಿ ಹೇಳು" ಎಂದರು. ಹೇಳಿದೆ. ಚೆನ್ನಾಗಿ ಬೈಸಿಕೊಂಡೆ. ಬೈಸಿಕೊಂಡ ಮೇಲೆ ಮೈ ಹಗುರವಾಯಿತು.

ಸಂಜೆ ಅರಿಶಿನದ ಬಟ್ಟಲು ಹಿಡಿದು ಬಂದ ಚಿಕ್ಕಗಂಗಮ್ಮ ತೊಳೆದ ಬೆರಳುಗಳನ್ನು ಕಂಡು, "ಅಮ್ಮನ ಅರಿಶಿನ ತೆಗೆದೋರು ಯಾರು?" ಎಂದು ಸೊಂಟಕ್ಕೆ ಕೈಯಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಣ್ಣ ಗದರಿದರು.

"ಹಣೆಗೆ ಹಚ್ಚೇ. ಬೆರಳು ಈ ಅವ್ವಂಗೆ ಕಾಣ್ಬೇಕು."

ಆಮೇಲೆ ಹೊದಿಕೆಯನ್ನು ತಾವೇ ಸರಿಸಿ ನನ್ನ ಕಡೆ ತಿರುಗಿದರು. "ಗಂಟೆ ಆತಲ್ಲವ್ವ, ಮುಟ್ಟು. ಬೆಚ್ಚಗೈತಾ ಹೇಳು."

ಪೆನ್ನನ್ನು ಜೇಬಿನಲ್ಲಿಟ್ಟು ಐದು ಬೆರಳನ್ನೂ ಒಂದೊಂದಾಗಿ ಮುಟ್ಟಿದೆ. ಬೆಚ್ಚಗಿದ್ದವು. ಆಮೇಲೆ ಬರೆದೆ.